ಅಣ್ಣ ತಿಂದದ್ದೇ ನಾನೂ ತಿಂದದ್ದು

ಮಾರ್ಚ್ ೧೪

ಪ್ರೀತಿಯ ಅಮ್ಮನಿಗೆ,

ನಿನ್ನ ಕಡ್ಡಿ ಮಗಳ ನಮಸ್ಕಾರ. ಪತ್ರ ತಡವಾಯಿತು, ಎಷ್ಟು ಬೇಕಾದರೂ ಬೈದುಕೋ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಉಜ್ಜಿ ಬೆರಳೆಲ್ಲ ಮರಗಟ್ಟಿದ್ದವು. ಕೆಮ್ಮು ಹತೋಟಿಯಲ್ಲಿದೆ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುವುದೂ ಈಗ ತಲೆ ಬಾಚಿಕೊಂಡಷ್ಟೇ ಸಲೀಸು.

ವಿಷಯಕ್ಕೆ ಬರುತ್ತೇನೆ, ಕೂತು ಓದು. ವಂಶವಾಹಿ ಪರೀಕ್ಷೆಗೆಂದು ಅಪ್ಪ, ಅಣ್ಣ, ನಾನು ರಕ್ತ ಕೊಟ್ಟಿದ್ದೆವಲ್ಲ, ಫಲಿತಾಂಶ ಬಂತು. ನಿಮ್ಮಿಬ್ಬರಿಂದ ಒಂದೊಂದು ಕೆಟ್ಟ ವಂಶವಾಹಿ ಸೇರಿ ನನಗೂ ಅಣ್ಣನಿಗೂ ಸಿಸ್ಟಿಕ್ ಫೈಬ್ರೋಸಿಸ್ ಬಂದದ್ದು ನಿನಗೆ ಗೊತ್ತೇ ಇದೆ. ಅದರ ಅಂಟು ಲೋಳೆ ಶ್ವಾಸಕೋಶವನ್ನಷ್ಟೇ ಅಲ್ಲ, ಇನ್ಸುಲಿನ್ ಮಾಡುವ ಗ್ರಂಥಿಯನ್ನೂ ಹಾಳುಮಾಡುತ್ತದೆ. ಹಾಗಾದರೆ ಸಕ್ಕರೆ ಕಾಯಿಲೆ ನನಗೊಬ್ಬಳಿಗೇ ಏಕೆ ಎಂದು ಡಾಕ್ಟರಮ್ಮನನ್ನು ಕೇಳಿದೆ. ಮಾಮೂಲಿ ಜನರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿಸುವ ಸಣ್ಣಪುಟ್ಟ ವ್ಯತ್ಯಾಸಗಳು ನನ್ನಲ್ಲಿ ಅಣ್ಣನಿಗಿಂತ ಜಾಸ್ತಿ ಇವೆಯಂತೆ. ಒಂದಂತೂ ಅಪ್ಪನ ರಕ್ತದಲ್ಲೂ ಇದೆ, ಬಹುಶಃ ಸಕ್ಕರೆ ಕಾಯಿಲೆಯಿದ್ದ ಅವರಮ್ಮನಿಂದ, ನಮ್ಮ ಅಜ್ಜಿಯಿಂದ, ಬಂದದ್ದು. ಅತ್ತೆಯನ್ನು ಬೈಯಲು ಹೊಸ ನೆಪ ಸಿಕ್ಕಿತೆಂದು ಹಿಗ್ಗಬೇಡ.

ನಾನು ಬಾಯಿ ಬಿಟ್ಟುಕೊಂಡು ಕೇಳಿದೆ ಅಮ್ಮ. ನಾನು ಹುಟ್ಟುವ ಮೊದಲೇ ತೀರಿಹೋದ ಅಜ್ಜಿ! ಕಣ್ಣಿಗೆ ಕಾಣದಷ್ಟು ಚಿಕ್ಕದೊಂದು ಅವಳಿಂದ ಹೊರಟು, ಅಣ್ಣನನ್ನು ಬಿಟ್ಟು, ನನ್ನೊಳಗೆ ಬಂದು ಇಷ್ಟು ವರ್ಷ ಸುಮ್ಮನೆ ಕೂತಿತ್ತು. ಹೆದರಿಕೆಯಾಗಬೇಕಿತ್ತು, ಆದದ್ದು ಬೆರಗು. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲರ ಮುಖ ನೋಡುತ್ತ, ಇವರೊಳಗೆ ಯಾರ್ಯಾರು ಕೂತಿದ್ದಾರೋ ಎಂದುಕೊಂಡೆ.

ನೀನು ಕೇಳದೇ ಉಳಿದದ್ದನ್ನು ನಾನೇ ಡಾಕ್ಟರಮ್ಮನ ಹತ್ತಿರ ಕೇಳಿದೆ. ಚಿಕ್ಕಂದಿನಲ್ಲಿ ಅಮ್ಮ ಎಲ್ಲದಕ್ಕೂ ಬೆಣ್ಣೆ, ಸಕ್ಕರೆ ಸುರಿದು ತಿನ್ನಿಸುತ್ತಿದ್ದಳು, ಅದರಿಂದ ಬಂತೇ ಎಂದು. ಅವರು ಕನ್ನಡಕ ತೆಗೆದಿಟ್ಟು ನನ್ನನ್ನೇ ನೋಡಿದರು.

"ಸಿಸ್ಟಿಕ್ ಫೈಬ್ರೋಸಿಸ್ ಇದ್ದರೆ ತಿಂದಿದ್ದು ಮೈಗೆ ಹತ್ತಲ್ಲ. ಅಷ್ಟು ತಿನ್ನಿಸಿದ್ದಕ್ಕೇ ನೀನು ಇವತ್ತು ಇಷ್ಟುದ್ದ ಬೆಳೆದು ಕೂತಿರೋದು ಕಣಮ್ಮ. ಸಕ್ಕರೆ ತಿಂದು ಬಂದಿದ್ದಲ್ಲ ಇದು. ನಿಮ್ಮಣ್ಣನೂ ಅದನ್ನೇ ತಿಂದಿದ್ದಲ್ವಾ?"

ತಿಂದಿದ್ದ, ನನ್ನ ಪಾಲನ್ನೂ ಸೇರಿಸಿ ತಿಂದಿದ್ದ ಎಂದೆ.

ಅಪ್ಪನಿಗೆ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ಯಾವಾಗಲೂ ನನ್ನ ಮೇಲಿರಲಿ.

ನಿನ್ನ,
ಕಡ್ಡಿ

ಮತ್ತೆ ಒಂದು ಮಾತು: ಭಾನುವಾರ ಮನೆಗೆ ಬರುತ್ತೇನೆ. ಇನ್ಸುಲಿನ್ ಶುರುವಾದಾಗಿನಿಂದ ನೀನು ಅಣ್ಣನಿಗೆ ಬಡಿಸಿ, ನನ್ನ ಮುಂದೆ ಪಾತ್ರೆ ಇಟ್ಟು, "ನೀನೇ ಹಾಕ್ಕೋ" ಎಂದು ಒಳಗೆ ಹೋಗಿಬಿಡುತ್ತೀಯ. ಅಲ್ಲಿ ನೀನು ಅಳುವುದು ನನಗೆ ಕೇಳಿಸುತ್ತದೆ. ಅಷ್ಟು ನೋವು ಸೂಜಿಯಿಂದಲೂ ಆಗಿಲ್ಲ ಅಮ್ಮ. ಈ ಸಲ ನೀನೇ ಬಡಿಸು.