ಬಾವಿಯ ಮೇಲಿನ ಅಡುಗೆಮನೆ

ತೇರದಾಳ
ರವಿವಾರ, ೧೩ ಅಕ್ಟೋಬರ್ ೨೦೨೪

ಭಕ್ತಿಗೆ ನಿನ್ನ ವೈನಿಯ ಜೈ ಜಿನೇಂದ್ರ.

ಹಾಳೆಯ ನೆತ್ತಿಯ ಮೇಲೆ ವೀತರಾಗನ ಹೆಸರು ಬರೆದು ಶುರು ಮಾಡುವುದು ನಮ್ಮ ಮನೆಯ ರೂಢಿ. ಇವತ್ತು ಬರೆಯಲಿಲ್ಲ. ಯಾಕೆ ಅಂತ ಓದುತ್ತ ಹೋದರೆ ನಿನಗೇ ತಿಳಿಯುತ್ತದೆ. ಫೋನಿನಲ್ಲಿ ಹೇಳೋಣವೆಂದರೆ ನನ್ನ ದನಿ ಕೇಳಿದ ಕೂಡಲೇ ನೀನು ಕಟ್ ಮಾಡುತ್ತೀ. ವಾಟ್ಸಾಪಿನಲ್ಲಿ ಹಾಕಿದರೆ ಸಂಜೆಯೊಳಗೆ ಮುಧೋಳದ ಅರ್ಧ ಬಳಗಕ್ಕೆ ಮುಟ್ಟುತ್ತದೆ. ಅದಕ್ಕೇ ಇಪ್ಪತ್ತು ವರ್ಷಗಳ ಮೇಲೆ ಪೆನ್ನು ಹಿಡಿದಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ನಗಬೇಡ.

ಹೋದ ತಿಂಗಳು ಜಮಖಂಡಿಯಲ್ಲಿ ಬಸುರಿಗೆ ಕುಬಸ ಮಾಡಿದ ಮನೆಯಲ್ಲಿ, ಹತ್ತು ಜನ ಹೆಂಗಸರ ನಡುವೆ, ‘ಮನಿ ದೊಡ್ಡದ ಮಾಡಿದ್ರಿ ವೈನಿ, ನಮ್ಮವ್ವಗ ಒಂದ ಹಾಸಿಗಿ ಜಾಗಾ ಉಳೀಲಿಲ್ಲೇನ್ರಿ?’ ಅಂತ ಕೇಳಿದಿ. ನಾನು ತಟ್ಟೆಯಲ್ಲಿದ್ದ ಹೋಳಿಗೆಯನ್ನು ಮುರಿಯುತ್ತ ಕೂತೆ. ದೀಪಾವಳಿಯೊಳಗೆ ಅವ್ವನನ್ನು ಕರೆದೊಯ್ಯದಿದ್ದರೆ ನೀನೇ ಕಾರಿನಲ್ಲಿ ತಂದು ಹೊಸ್ತಿಲ ಒಳಗೆ ಕೂರಿಸಿ ಹೋಗುತ್ತೀ ಅಂತಲೂ ಹೇಳಿದಿ. ಹಾಗೆ ಮಾಡಬೇಡ ಅಂತ ಬೇಡಿಕೊಳ್ಳಲು ಈ ಕಾಗದ. ನಮಗೆ ಅವ್ವ ಬೇಡ ಅಂತಲ್ಲ. ಅವ್ವ ಬರುವ ಹಾಗಿಲ್ಲ.

ಮೊದಲಿನಿಂದ ಹೇಳುತ್ತೇನೆ. ಮೂರು ವರ್ಷದ ಹಿಂದೆ ಮಗ ಪ್ರಥಮನಿಗೆ ಕನ್ಯೆ ನೋಡಲು ಶುರು ಮಾಡಿದಾಗ ಮೊದಲು ಬಂದವರು ಹುಡುಗನನ್ನು ನೋಡಲಿಲ್ಲ, ಗೋಡೆ ನೋಡಿದರು. ಮಣ್ಣಿನ ಮಾಳಿಗೆ, ಹೊಗೆ ಹಿಡಿದ ಅಡುಗೆಮನೆ, ಹಿತ್ತಲಿನಲ್ಲಿ ಬಚ್ಚಲು. ‘ನಮ್ಮ ಹುಡುಗಿ ಬಾಂವಿ ನೀರ ಸೇದಬೇಕೇನ್ರಿ?’ ಅಂತ ಕೇಳಿ ಚಹಾ ಸಹ ಪೂರ್ತಿ ಕುಡಿಯದೆ ಎದ್ದರು. ಆ ವಾರವೇ ನಿನ್ನ ಅಣ್ಣ ಎಂಜಿನಿಯರನ್ನು ಕರೆಸಿದರು. ಮೇಲೆ ಎರಡು ಕೋಣೆ, ಮುಂದೆ ದೊಡ್ಡ ಪಡಸಾಲೆ, ಮನೆಯನ್ನು ಹಿತ್ತಲಿನವರೆಗೂ ಬೆಳೆಸಿ ಅಗ್ನಿಮೂಲೆಗೆ ಹೊಸ ಅಡುಗೆಮನೆ. ನಕ್ಷೆಯಲ್ಲಿ ಅಡುಗೆಮನೆಯ ನಟ್ಟನಡುವೆ ಒಂದು ಸಣ್ಣ ವೃತ್ತ ಬಂತು. ಅದು ಅವ್ವನ ಬಾವಿ.

ಆ ಬಾವಿಯ ವಿಷಯ ನಿನಗೆ ಹೊಸದಲ್ಲ, ಆದರೆ ಮಗಳಾಗಿ ನೋಡುವುದು ಬೇರೆ, ಸೊಸೆಯಾಗಿ ಸೇದುವುದು ಬೇರೆ. ಅವ್ವ ನಳದ ನೀರು ಮುಟ್ಟಿದವರಲ್ಲ. ಸೇದಿದ ನೀರನ್ನು ಎರಡು ಪದರಿನ ಅರಿವೆಯಲ್ಲಿ ಸೋಸಬೇಕು. ಅರಿವೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು ಅದೇ ಬಾವಿಗೆ ಮರಳಿಸಬೇಕು. ಬೇರೆ ಬಾವಿ ನಡೆಯದು, ಬಚ್ಚಲಂತೂ ಮಹಾಪಾಪ. ‘ಅವುಗಳ ಮನಿ ಅವಕ್ಕ ಮುಟ್ಟಸಬೇಕವಾ’ ಅನ್ನುತ್ತಿದ್ದರು. ಇಪ್ಪತ್ತೇಳು ವರ್ಷ ಮುಟ್ಟಿಸಿದೆ. ನೀನು ತವರಿಗೆ ಬಂದಾಗ ಕೂದಲಿಗೆ ಶಾಂಪೂ ಹಾಕಿ ನಾಲ್ಕು ಕೊಡ ಸುರಿದುಕೊಳ್ಳುತ್ತಿದ್ದೆಯಲ್ಲ, ಆ ನಾಲ್ಕು ಕೊಡವೂ ಈ ಕೈಯಿಂದಲೇ ಸೇದಿದ್ದು. ಮದುವೆಯಾದ ಮರುವರ್ಷ, ಐದು ತಿಂಗಳಾಗಿದ್ದಾಗ, ಬಾವಿಯ ಕಟ್ಟೆಯ ಮೇಲೆ ಕಾಲು ಜಾರಿ ಬಿದ್ದೆ. ಆ ಕೂಸಿನ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತಲಿಲ್ಲ. ದವಾಖಾನೆಯಿಂದ ಬಂದ ಮೂರನೇ ವಾರ ಮತ್ತೆ ಹಗ್ಗ ಹಿಡಿದೆ.

ಕೆಲಸ ಶುರುವಾಗುವ ಮುಂಚೆ ಅವ್ವನನ್ನು ನಿನ್ನ ಮನೆಗೆ ಕಳಿಸಿದೆವು. ನಾಲ್ಕು ತಿಂಗಳು ಇಟ್ಟುಕೊಂಡಿ. ಆ ಉಪಕಾರವನ್ನು ಈಗಲೂ ಬಳಗದಲ್ಲೆಲ್ಲ ಎಣಿಸಿ ಹೇಳುತ್ತೀ, ಹೇಳು, ಬೇಡ ಅನ್ನುವುದಿಲ್ಲ. ಹೊರಡುವಾಗ ಅವ್ವ ನಿನ್ನ ಅಣ್ಣನ ಕೈ ಹಿಡಿದು ಒಂದೇ ಮಾತು ಹೇಳಿದರು: ‘ಎಲ್ಲಾ ನಿಮ್ಮ ಮನಸಿನಂಗ ಕಟ್ಟರಿ. ಬಾಂವಿ ಬಾಯಿ ಮಾತ್ರ ಮುಚ್ಚಬ್ಯಾಡ್ರಿ.’ ನಿನ್ನ ಅಣ್ಣ ಆಣೆ ಮಾಡಿದರು. ಬಾವಿಯ ಮೇಲೆ ಚಪ್ಪಡಿ ಹಾಕಿ, ನಡುವೆ ಕೊಡ ಇಳಿಯುವಷ್ಟು ಬಾಯಿ ಬಿಡುವುದೆಂದು ಗೌಂಡಿ ಶಿದ್ರಾಮಪ್ಪನಿಗೂ ಹೇಳಿದರು.

ಆದರೆ ಬಾವಿ ತುಂಬಿಹೋಯಿತು. ನಿನ್ನ ಅಣ್ಣ ಕಬ್ಬಿನ ಕೆಲಸಕ್ಕೆ ಸಮೀರವಾಡಿಗೆ ಹೋಗಿ ಮೂರು ದಿನ ಅಲ್ಲೇ ಉಳಿದಿದ್ದರು. ಬಂದು ನೋಡಿದರೆ ಕೆಡವಿದ ಹಳೇ ಗೋಡೆಯ ಕಲ್ಲು ಮಣ್ಣೆಲ್ಲ ಬಾವಿಯೊಳಗೆ ಇಳಿದು, ಮೇಲೆ ನೆಲ ಸಮ ಆಗಿತ್ತು. ಮಣ್ಣು ಹೊರಗೆ ಸಾಗಿಸುವ ತ್ರಾಸು ತಪ್ಪಲೆಂದು ಶಿದ್ರಾಮಪ್ಪ ಹಾಗೆ ಮಾಡಿದ ಅಂತಾಯಿತು. ನಿನ್ನ ಅಣ್ಣ ಬೀದಿಯಲ್ಲೇ ನಿಂತು ಅವನ ಜನ್ಮ ಜಾಲಾಡಿದರು, ಕೆಲಸದಿಂದ ತೆಗೆದರು. ಅವನು ಗಾರೆ ಮೆತ್ತಿದ ಥಾಪಿ ಒರೆಸಿ ಚೀಲಕ್ಕೆ ಹಾಕಿಕೊಂಡು ಒಂದೂ ಮಾತಾಡದೆ ಹೋದ. ಆಮೇಲೆ ನಮ್ಮ ಓಣಿಯಲ್ಲಿ ಯಾರೂ ಅವನಿಗೆ ಮನೆ ಕೆಲಸ ಕೊಡಲಿಲ್ಲ.

ಇನ್ನು ಅವ್ವನಿಗೆ ಏನು ಹೇಳುವುದು? ಅತ್ತು ಒಪ್ಪಿಕೊಂಡಿದ್ದರೆ ಮುಗಿಯುತ್ತಿತ್ತು. ನಾವು ಜಾಣರಾದೆವು. ಬಾವಿ ಅಡುಗೆಮನೆಯ ಕೆಳಗೆ ಹಾಗೇ ಇದೆ, ಮೋಟರು ಅದರ ನೀರನ್ನೇ ನಳಕ್ಕೆ ಏರಿಸುತ್ತದೆ, ಬೇಕಾದಾಗ ಹೊರಗಿನ ಕಬ್ಬಿಣದ ಮುಚ್ಚಳ ತೆಗೆದು ಸೇದಬಹುದು ಅಂತ ಹೇಳಿದೆವು. ನಳದಲ್ಲಿ ಬರುವುದು ಬೋರಿನ ನೀರು. ಮುಚ್ಚಳದ ಕೆಳಗಿರುವುದು ಬಚ್ಚಲ ಗುಂಡಿ. ಅವ್ವ ಕೇಳಿದ್ದು ಒಂದೇ ಪ್ರಶ್ನೆ: ‘ಸೋಸಿದ ಮ್ಯಾಲ ಜೀವಾ ಎಲ್ಲಿ ಬಿಡಲಿ?’ ಅದಕ್ಕೂ ವ್ಯವಸ್ಥೆ ಮಾಡಿದ್ದೆವು. ಮೂಲೆಯಲ್ಲಿ ಒಂದು ಪೈಪು, ಅದಕ್ಕೆ ಹಿತ್ತಾಳೆಯ ಮುಚ್ಚಳ. ಇದು ನೇರ ಬಾವಿಗೆ ಹೋಗುತ್ತದೆ ಅಂದೆವು. ಅದು ಹೋಗುತ್ತಿದ್ದದ್ದು ಅದೇ ಗುಂಡಿಗೆ. ಅವತ್ತು ಹೇಳುವಾಗ ನನ್ನ ನಾಲಿಗೆ ನಡುಗಿರಲಿಲ್ಲ.

ಮೊದಲ ದಿನ ಅವ್ವ ಅರಿವೆ ತೊಳೆದ ನೀರನ್ನು ಚಂಬಿನಿಂದ ಮೆಲ್ಲಗೆ ಪೈಪಿಗೆ ಬಿಟ್ಟರು. ಬಿಟ್ಟು, ನೆಲಕ್ಕೆ ಕೈಯೂರಿ, ಕಿವಿಯನ್ನು ಪೈಪಿನ ಹತ್ತಿರ ತಂದು ಸ್ವಲ್ಪ ಹೊತ್ತು ಹಾಗೇ ಇದ್ದರು. ಮಂಡಿನೋವಿಗೆ ಏಳಲಾಗುತ್ತಿಲ್ಲ ಅಂದುಕೊಂಡು ನಾನು ಕೈ ಕೊಟ್ಟೆ. ಎದ್ದು ನನ್ನ ಮುಖ ನೋಡಿ ‘ಹೂಂ’ ಅಂದರು, ಅಷ್ಟೇ. ಮರುದಿನದಿಂದ ಮನೆಯಲ್ಲಿ ನೀರು ಸೋಸುವುದನ್ನೇ ಬಿಟ್ಟರು. ಒಂದು ಹೊತ್ತಿನ ಊಟದ ವ್ರತ ಅಂತ ಹೇಳಿ, ಒಂದು ಸಣ್ಣ ಪಾತ್ರೆಯಲ್ಲಿ ತಮ್ಮ ಅಡುಗೆ ತಾವೇ ಮಾಡಿಕೊಳ್ಳತೊಡಗಿದರು. ಬೆಳಿಗ್ಗೆ ಬಸದಿಗೆ ಹೋಗುವಾಗ ಮುಚ್ಚಳದ ಹಿತ್ತಾಳೆ ಬಿಂದಿಗೆಯೊಂದು ಸೊಂಟದಲ್ಲಿ ಇರುತ್ತಿತ್ತು. ಅಭಿಷೇಕಕ್ಕೆ ಇರಬೇಕು ಅಂದುಕೊಂಡೆ. ಖರೆ ಹೇಳಲಾ? ವಯಸ್ಸಾಗಿ ಹಟ ಕಡಿಮೆಯಾಯಿತು ಅಂತ ನನಗೆ ನಿರಾಳವೇ ಆಗಿತ್ತು.

ಹೀಗೆ ಎರಡು ವರ್ಷ ಕಳೆಯಿತು. ಪ್ರಥಮನ ಲಗ್ನವಾಯಿತು. ಬಂದವರೆಲ್ಲ ಅಡುಗೆಮನೆ ನೋಡಿ ಹೊಗಳಿದರು, ನೀನೂ ಟೈಲ್ಸಿನ ಫೋಟೊ ತೆಗೆದುಕೊಂಡಿ. ಈ ವರ್ಷ ಊರಿಗೆ ಚಾತುರ್ಮಾಸಕ್ಕೆ ಮುನಿಸಂಘ ಬಂತು. ಆಗಸ್ಟಿನಲ್ಲಿ ಅವ್ವ ಒಂದು ಸಂಜೆ ‘ನಾಳೆ ನಮ್ಮ ಬಾಗಲದಾಗೂ ನಿಂತ ಮಹಾರಾಜರನ್ನ ಕರ್ಯೂಣು’ ಅಂದರು. ಮುನಿಗಳ ಆಹಾರಕ್ಕೆ ಮೋಟರಿನ ನೀರು ನಡೆಯುವುದಿಲ್ಲ, ಮಡಿಯಲ್ಲಿ ಕೈಯಾರೆ ಸೇದಿದ ಬಾವಿ ನೀರೇ ಬೇಕು. ‘ನಾನs ಸೇದತೇನ್ರಿ’ ಅಂದೆ. ಬೆಳಿಗ್ಗೆ ಹೊತ್ತು ಹುಟ್ಟಿದ ಮೇಲೆ ಒದ್ದೆ ಸೀರೆಯಲ್ಲಿ ಹಿತ್ತಲಿಗೆ ಹೋಗಿ, ಕಬ್ಬಿಣದ ಮುಚ್ಚಳವನ್ನು ಒಮ್ಮೆ ಸದ್ದು ಮಾಡಿ, ನಳದಿಂದ ಎರಡು ಕೊಡ ತುಂಬಿ ತಂದಿಟ್ಟೆ. ಅವ್ವ ಕೊಡ ನೋಡಿದರು. ಮುಂದೆ ಹೋಗಿ ರಂಗೋಲಿ ಹಾಕು, ತೋರಣ ಕಟ್ಟು ಅಂತ ನನ್ನನ್ನು ಕಳಿಸಿದರು.

ಕಲಶ ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತೆವು. ಆಹಾರಕ್ಕೆ ಹೊರಟ ಮುನಿಮಹಾರಾಜರು ನಮ್ಮ ಮುಂದೆಯೇ ನಿಂತರು. ಒಳಗೆ ಕರೆದು ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ ಅಂತ ಹೇಳಬೇಕಲ್ಲ, ಅದನ್ನು ಹೇಳುವುದರಲ್ಲಿ ಈ ಊರಲ್ಲಿ ಅವ್ವನಷ್ಟು ಗಟ್ಟಿ ದನಿ ಯಾರದೂ ಇರಲಿಲ್ಲ. ಅವತ್ತು ಅವ್ವ ತುಟಿ ಎರಡು ಮಾಡಲಿಲ್ಲ. ನನ್ನನ್ನೇ ನೋಡುತ್ತ ನಿಂತರು. ಮಹಾರಾಜರು ಕಾಯುತ್ತಿದ್ದರು. ನಾನು ಹೇಳಿದೆ, ಭಕ್ತಿ. ಒಂದು ಅಕ್ಷರವೂ ತಡವರಿಸದೆ ಪೂರ್ತಿ ಹೇಳಿದೆ.

ಆಹಾರ ನಿರ್ವಿಘ್ನವಾಗಿ ಆಯಿತು. ಆಮೇಲೆ ಎಲ್ಲರೂ ಒಂದೊಂದು ನಿಯಮ ತೆಗೆದುಕೊಂಡೆವು. ನಿನ್ನ ಅಣ್ಣ ಹೊರಗಿನ ಚಹಾ ಬಿಟ್ಟರು, ನಾನು ಜಿಲೇಬಿ ಬಿಟ್ಟೆ. ಅವ್ವ ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಏನೋ ಕೇಳಿದರು. ಮಹಾರಾಜರು ಎಷ್ಟು ದಿನಕ್ಕೆ ಅಂತ ಕೇಳಿದಾಗ ‘ಜೀವ ಇರೂತನಕ’ ಅಂದದ್ದು ಮಾತ್ರ ಕೇಳಿಸಿತು. ತುಪ್ಪ ಬಿಟ್ಟಿರಬೇಕು ಅಂದುಕೊಂಡೆವು. ಮರುದಿನ ಎರಡು ಸೀರೆಯ ಗಂಟು ಕಟ್ಟಿಕೊಂಡು ನಿನ್ನ ಮನೆಗೆ ಬಂದರು.

ಹೋದ ವಾರ ಹಿಂದಿನ ಓಣಿಯ ಆದಪ್ಪನ ಹೆಂಡತಿ ಸಂಧ್ಯಾ ಬಂದಿದ್ದಳು. ‘ಅವ್ವಾರು ಹ್ವಾದಾಗಿಂದ ನಮ್ಮ ಬಾಂವಿ ಕಟ್ಟಿ ಬಣಾಬಣಾ ಅನಸ್ತದ ವೈನಿ’ ಅಂದಳು. ನನಗೆ ಅರ್ಥವಾಗಲಿಲ್ಲ. ಆಮೇಲೆ ಅವಳೇ ಬಿಡಿಸಿ ಹೇಳಿದಳು. ಪೈಪಿಗೆ ನೀರು ಬಿಟ್ಟ ಮೊದಲ ದಿನವೇ ಅವ್ವನಿಗೆ ತಿಳಿದಿತ್ತು. ನೀರಿನ ಮೇಲೆ ನೀರು ಬಿದ್ದ ಸದ್ದು ಕೆಳಗಿನಿಂದ ಬರಲಿಲ್ಲ. ಐವತ್ತು ವರ್ಷ ಆ ಸದ್ದು ಕೇಳಿದ ಕಿವಿ ಅದು. ಅವತ್ತಿನಿಂದ ಎರಡು ವರ್ಷ, ಎಪ್ಪತ್ತು ದಾಟಿದ ಮುದುಕಿ, ದಿನಾ ಬೆಳಿಗ್ಗೆ ಆದಪ್ಪನ ಬಾವಿಯಲ್ಲಿ ಸೇದಿ, ಅಲ್ಲೇ ಸೋಸಿ, ಜೀವಗಳನ್ನು ಅಲ್ಲೇ ಬಿಟ್ಟು, ಕುಡಿಯಲು ಒಂದು ಬಿಂದಿಗೆ ತರುತ್ತಿದ್ದರು. ಮಗ ಸೊಸೆಗೇ ಹೇಳಿಬಿಡಿ ಅಂತ ಸಂಧ್ಯಾ ಎಷ್ಟೋ ಸಲ ಅಂದಳಂತೆ. ‘ತಾವs ಹೇಳ್ತಾರ ತಡಿ, ನನ್ನ ಮಕ್ಕಳು ಅದಾರ, ಹೇಳ್ತಾರ’ ಅನ್ನುತ್ತಿದ್ದರಂತೆ.

ಮುನಿಗಳು ಬಂದ ದಿನ ನಾನು ರಂಗೋಲಿ ಹಾಕುತ್ತಿದ್ದಾಗ ಹಿತ್ತಲ ಬಾಗಿಲಿನಿಂದ ಆದಪ್ಪ, ಸಂಧ್ಯಾ ಮಡಿಯಲ್ಲಿ ಎರಡು ಕೊಡ ನೀರು ತಂದುಕೊಟ್ಟರಂತೆ. ನನ್ನ ಕೊಡದ ನೀರನ್ನು ಅವ್ವ ಬಾಳೆಗಿಡಕ್ಕೆ ಸುರಿದಿದ್ದರು. ಮರುದಿನ ಹೊರಟ ದಾರಿಯಲ್ಲಿ ಕೊಡ ಮರಳಿಸಲು ಹೋದಾಗ ಸಂಧ್ಯಾಳಿಗೆ ಹೇಳಿದ್ದು ಇಷ್ಟು: ‘ನೀರ ಶುದ್ಧ ಇತ್ತವಾ, ಮಹಾರಾಜರ ವ್ರತಾ ಕೆಡಲಿಲ್ಲ. ಹೇಳಿದ ಬಾಯಿ ಶುದ್ಧ ಇರಲಿಲ್ಲ. ಎರಡ ವರ್ಷ ಕಾದೆ. ಇನ್ನ ಆ ಹೊಸ್ತಲಾ ತುಳಿಯಂಗಿಲ್ಲಂತ ನಿಯಮ ತಗೊಂಡೀನಿ.’

ಈಗ ತಿಳಿಯಿತಲ್ಲ? ದೀಪಾವಳಿಗೆ ಅವ್ವನನ್ನು ಇಲ್ಲಿ ತಂದು ಇಳಿಸಿದರೆ ಮುನಿಗಳ ಮುಂದೆ ತೆಗೆದುಕೊಂಡ ನಿಯಮವನ್ನು ನೀನೇ ಮುರಿಸಿದಂತಾಗುತ್ತದೆ. ಅವ್ವ ನಿನಗೆ ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ನಮ್ಮ ಮಾನ ಕಾಯುತ್ತಿದ್ದಾರೆ, ಅದೇ ನನಗೆ ಹೆಚ್ಚು ಉರಿಯುತ್ತದೆ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ನಿನ್ನ ಅಣ್ಣನಿಗೆ ಸಂಧ್ಯಾ ಹೇಳಿದ್ದನ್ನು ತಿಳಿಸಿದೆ. ಅವತ್ತಿನಿಂದ ಅವರು ಅಡುಗೆಮನೆಗೆ ಕಾಲಿಡುತ್ತಿಲ್ಲ, ತಾಟು ಪಡಸಾಲೆಗೇ ಒಯ್ಯುತ್ತೇನೆ. ನೆಲ ಒಡೆದು ಮತ್ತೆ ಬಾವಿ ತೋಡಿಸಬಹುದೇ ಅಂತ ಬೇರೆ ಗೌಂಡಿಗೆ ಕೇಳಿದರು. ಮೇಲಿನ ಎರಡು ಕೋಣೆಯ ಭಾರವೆಲ್ಲ ಅದರ ಮೇಲೇ ಇದೆಯಂತೆ.

ಅವ್ವನ ಔಷಧಿ ನೀಲಿ ಡಬ್ಬಿಯಲ್ಲಿದೆ, ರಾತ್ರಿಯದು ಅರ್ಧ ಮಾತ್ರ. ನಿನ್ನಲ್ಲಿ ಬಾವಿ ಇಲ್ಲ ಅಂತ ಗೊತ್ತು. ಬಸದಿಯ ಬಾವಿಯಿಂದ ಒಂದು ಬಿಂದಿಗೆ ತರಿಸಿಕೊಡು. ಆಳಿನ ಕೈಯಲ್ಲಿ ಬೇಡ, ನೀನೇ ತಾ.

ಇಂತಿ ನಿನ್ನ ವೈನಿ,
ಸುಮನ

ತಾಜಾಕಲಂ: ಸಹಿ ಮಾಡಿ ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಶಿದ್ರಾಮಪ್ಪ ತನ್ನ ಬುದ್ಧಿಯಿಂದ ಬಾವಿ ತುಂಬಲಿಲ್ಲ. ‘ಬ್ಯಾಡ್ರಿ ಅಕ್ಕಾರ, ಸಾವಕಾರ್ರು ಬರಲಿ’ ಅಂತ ಅವನು ಎರಡು ಸಲ ಹೇಳಿದ. ಅವರದೇ ಫೋನ್ ಬಂದಿತ್ತು, ತುಂಬು ಅಂದಿದ್ದಾರೆ ಅಂತ ನಾನು ಹೇಳಿದೆ. ಆದರೂ ಅವನ ಕೈ ಏಳಲಿಲ್ಲ, ಮೊದಲ ಬುಟ್ಟಿ ನಾನೇ ಸುರಿದೆ. ಕೆಳಗೆ ನೀರು ಸದ್ದು ಮಾಡಿತು. ನನಗೆ ಖುಷಿಯಾಯಿತು, ಭಕ್ತಿ, ಬಿದ್ದ ಮೇಲಿನ ಇಪ್ಪತ್ತಾರು ವರ್ಷದಲ್ಲಿ ಅಂಥ ಖುಷಿ ಆಗಿರಲಿಲ್ಲ. ಬೀದಿಯಲ್ಲಿ ಬೈಸಿಕೊಳ್ಳುವಾಗಲೂ ಶಿದ್ರಾಮಪ್ಪ ನನ್ನ ಹೆಸರು ಎತ್ತಲಿಲ್ಲ, ನಿನ್ನ ಅಣ್ಣನಿಗೆ ಇವತ್ತಿಗೂ ಇದು ಗೊತ್ತಿಲ್ಲ. ಈ ಸಲ ಮನೆ ಬಿಟ್ಟು ಹೊರಡುವ ದಿನ ಅವ್ವ ಬಾಗಿಲಲ್ಲಿ ನನ್ನ ತಲೆಯ ಮೇಲೆ ಕೈಯಿಟ್ಟು ‘ನೀ ಬಿದ್ದ ಮ್ಯಾಲ ನಿನ್ನ ಕೈಯಾಗ ಮತ್ತ ಹಗ್ಗಾ ಕೊಡಬಾರದಿತ್ತು, ನನ್ನ ತಪ್ಪವಾ’ ಅಂದರು. ಈಗ ಯಾಕೆ ಆ ಮಾತು ಅಂತ ನಾನು ಕೇಳಲಿಲ್ಲ. ಸಹಿಯ ಕೆಳಗಿನ ಇಷ್ಟನ್ನು ಮಾತ್ರ ಅವ್ವನಿಗೆ ಓದಿ ಹೇಳು. ಮೇಲಿನದೆಲ್ಲ ಅವರಿಗೆ ಗೊತ್ತಿದೆ. ಇದೂ ಗೊತ್ತಿದೆ, ಆದರೆ ನನ್ನ ಬಾಯಿಂದ ಕೇಳಿಲ್ಲ.