ಬಸ್ರೂರಿನ ಒಂದು ಲೋಟ ನೀರು ಮತ್ತು ನಿಮ್ಮ ಹದಿನಾಲ್ಕನೆಯ ಷರತ್ತು

ಮನೆ ಪರಿಶೀಲಕರ ಕರಾರನ್ನು ಬರೆದ ಮಾನ್ಯ ಕಾನೂನು ಅಧಿಕಾರಿಗಳೇ,

ನೀವು ಕಳಿಸಿದ ಹೊಸ ಕರಾರಿಗೆ ನಾನು ಸಹಿ ಹಾಕುವುದಿಲ್ಲ. ಇದನ್ನು ಕಚೇರಿಗೆ ಬರೆದು ತಿಳಿಸಿದರೆ ಕಡತದೊಳಗೆ ಮಲಗಿಸುತ್ತೀರಿ ಎಂದು ಗೊತ್ತಿರುವುದರಿಂದ ಊರವರೆಲ್ಲ ಓದುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನನ್ನ ಪರಿಚಯ ನಿಮಗಿರಲಾರದು. ಮನೆ ಕಟ್ಟಲು ನೆರವು ಪಡೆದ ಬಡವರ ಕೆಲಸವನ್ನು ಹಂತ ಹಂತಕ್ಕೂ ನೋಡಿ, ಸರಿಯಿದ್ದರೆ ಮುಂದುವರಿಸಿ ಎಂದೂ ಇಲ್ಲದಿದ್ದರೆ ನಿಲ್ಲಿಸಿ ಎಂದೂ ಬರೆಯುವವಳು ನಾನು. ಕುಂದಾಪುರದ ಸುತ್ತಿನ ಹಳ್ಳಿಗಳು ನನ್ನ ಪಾಲಿಗೆ ಬಂದಿವೆ.

ನಿಮ್ಮ ಕರಡನ್ನು ಪೂರ್ತಿ ಓದಿದೆ. ಪುಟಪುಟದಲ್ಲೂ 'ರಾಜ್ಯದ ಕಾನೂನಿಗೆ ಒಳಪಟ್ಟು' ಎಂಬ ಮಾತನ್ನು ದೇವರ ಪಟಕ್ಕೆ ಹೂ ಏರಿಸಿದ ಹಾಗೆ ಏರಿಸಿದ್ದೀರಿ. ಯಾವ ಕಾನೂನು, ಯಾವ ಕಲಮು ಎಂದು ಮಾತ್ರ ಎಲ್ಲೂ ಇಲ್ಲ. ಏಳನೆಯ ಷರತ್ತಿನ ಪ್ರಕಾರ ನಾನು ನಿಮ್ಮ ನೌಕರಳಲ್ಲ, 'ಸ್ವತಂತ್ರ ಸೇವಾದಾರಳು'. ಆದ್ದರಿಂದ ರಜೆ ಇಲ್ಲ, ಭವಿಷ್ಯ ನಿಧಿ ಇಲ್ಲ. ಆದರೂ ಈ ಸ್ವತಂತ್ರಳು ಬೆಳಿಗ್ಗೆ ಕಚೇರಿಗೆ ಬಂದು ಹಾಜರಿ ಹಾಕಬೇಕು, ಬೇರೆ ಕಡೆ ದುಡಿಯಬಾರದು. ಒಂಬತ್ತನೆಯ ಷರತ್ತಿನ ಪ್ರಕಾರ ನಾನು ಸರಿ ಎಂದ ಮನೆ ಬಿದ್ದರೆ ಹೊಣೆ ನನ್ನೊಬ್ಬಳದು. ರಜೆ ಕೇಳಿದಾಗ ಹೊರಗಿನವಳು, ಗೋಡೆ ಬಿರುಕು ಬಿಟ್ಟಾಗ ಒಳಗಿನವಳು. ಬರೆಯುವಾಗ ನಿಮಗೇ ನಗು ಬರಲಿಲ್ಲವೇ? ಇಷ್ಟನ್ನೂ ನುಂಗಿಕೊಂಡು ಹಿಂದಿನ ವರ್ಷಗಳಲ್ಲಿ ಸಹಿ ಹಾಕಿದ್ದೇನೆ. ಸಿವಿಲ್ ಡಿಪ್ಲೊಮಾ ಓದಿದ ಹೆಣ್ಣನ್ನು ಕರೆದು ಕಟ್ಟಡದ ಕೆಲಸ ಕೊಡುವವರು ನಮ್ಮ ಕಡೆ ಹೆಚ್ಚಿಲ್ಲ.

ಈಗ ಗಂಟಲಲ್ಲಿ ಸಿಕ್ಕಿಕೊಂಡಿರುವುದು ಹಳೆಯ ಕರಾರಿನಲ್ಲೂ ಇದ್ದ ಹದಿನಾಲ್ಕನೆಯದು. 'ಪರಿಶೀಲಿಸುವ ಮನೆಯಲ್ಲಿ ನೀರು, ಪಾನೀಯ ಸೇರಿದಂತೆ ಯಾವುದೇ ಆತಿಥ್ಯ ಸ್ವೀಕರಿಸಿದರೆ ವಿಚಾರಣೆಯಿಲ್ಲದೆ ಕರಾರು ರದ್ದು.' ನೀವು ನಮ್ಮ ಕಡೆಯ ಯಾವುದಾದರೂ ಮನೆಯ ಮೆಟ್ಟಿಲು ಹತ್ತಿದ್ದೀರಾ? ಇಲ್ಲಿ ಬಂದವರ ಹೆಸರು ಕೇಳುವ ಮೊದಲು 'ಆಸ್ರಿಗೆ ಬೇಕಾ' ಎಂದು ಕೇಳುತ್ತಾರೆ. ಆಸರಿಗೆ ಎಂದರೆ ಒಂದು ಲೋಟ ನೀರು, ಒಂದು ತುಂಡು ಬೆಲ್ಲ. ಬೇಡ ಎಂದರೆ ಆ ಮನೆಯ ಮೇಲೆ ನಿಮಗೇನೋ ಕೋಪವಿದೆ ಎಂದು ಅರ್ಥ. ಹಾಗೆ ಮುಖ ತಿರುಗಿಸಿದವರಿಗೆ ಆಮೇಲೆ ಯಾರು ತಾನೇ ಒಂದು ನಿಜ ಹೇಳುತ್ತಾರೆ?

ಈ ಏಪ್ರಿಲಿನಲ್ಲಿ ಬಸ್ರೂರಿನ ಹೊಳೆಬದಿಯ ಜಲಜಮ್ಮನವರ ಮನೆಗೆ ಹೋಗಿದ್ದೆ. ಹೆಂಚಿನ ಕಾರ್ಖಾನೆಯಲ್ಲಿ ದುಡಿದು ಸೊಂಟ ಕಳೆದುಕೊಂಡ ಹೆಂಗಸು. ಮಗಳು ಸುಗುಣ ಮತ್ತು ಮೊಮ್ಮಗುವಿನ ಜೊತೆ ಟಾರ್ಪಾಲಿನ ಬಿಡಾರದಲ್ಲಿದ್ದಾರೆ. ಗೋಡೆ ಎದ್ದಿತ್ತು, ಮೇಲೆ ಕಬ್ಬಿಣ ಕಟ್ಟಿಯಾಗಿತ್ತು, ಸ್ಲ್ಯಾಬ್ ಹಾಕುವುದೊಂದು ಬಾಕಿ. ಗುತ್ತಿಗೆದಾರ ಭೋಜರಾಜ ಅಲ್ಲೇ ಇದ್ದರು. ಸಿಮೆಂಟು, ಜಲ್ಲಿ, ಮರಳು, ನೀರು ಎಲ್ಲಾ ಸಮ ಉಂಟಾ ಎಂದು ಕೇಳಿದೆ. "ಎಲ್ಲಾ ಫಸ್ಟ್ ಕ್ಲಾಸ್ ಇತ್ತ್ ಮೇಡಂ" ಎಂದರು. ಜಲಜಮ್ಮನೂ ಹೌದೆಂದು ತಲೆಯಾಡಿಸಿದರು. ನಿಮ್ಮ ಕರಾರಿನ ಪ್ರಕಾರ ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು.

ಹೊರಡಬೇಕೆನ್ನುವಾಗ ಜಲಜಮ್ಮ ತಡೆದರು. "ಹ್ವಾಯ್, ಕೂಕಣಿ ಮೇಡಂ. ಬಿಸ್ಲಂಗೆ ಬಂದಿರಿ. ಒಂಚೂರ್ ನಿಲ್ಲಿ, ಆಚಿ ಮನಿಂದ ನೀರ್ ತಕಂಡ್ ಬತ್ತೆ."

ಎದುರಿಗೇ ಬಾವಿಯಿದೆಯಲ್ಲ ಎಂದೆ.

"ಅಯ್ಯೋ, ಅದ್ ಬಾಯಿಗ್ ಹಾಕುಕೆ ಆತಿಲ್ಲೆ. ಬ್ಯಾಸಿಗಿ ಬಂದ್ರೆ ಉಪ್ಪ್."

"ಹಾಗಾದರೆ ಕೆಲಸಕ್ಕೆ ಯಾವ ನೀರು?"

"ಕೆಲ್ಸಕ್ಕಾ? ಅದಕ್ಕ್ ಇದೇ. ಸಿಮೆಂಟಿಗ್ ಎಂತ ರುಚಿ ಗೊತ್ತಾತ್ತಾ?" ಎಂದು ನಕ್ಕರು.

ಆ ಬಾವಿಯ ನೀರನ್ನೇ ಒಂದು ಲೋಟ ಸೇದಿಸಿಕೊಂಡು ಕುಡಿದೆ. ಮುಖ ಕಿವುಚಿತು. ಬಾಯಿ ತೊಳೆದ ಹಾಗಾಗಲಿ ಎಂದು ಜಲಜಮ್ಮ ಕೊಟ್ಟ ಬೆಲ್ಲ ಕಡಿದೆ. ಮತ್ತೆ, ಈ ನೀರಲ್ಲಿ ಕಾಂಕ್ರೀಟ್ ಕಲಸಬೇಡಿ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕೆಲವು ವರ್ಷಗಳಲ್ಲಿ ಸ್ಲ್ಯಾಬ್ ಮಲಗಿದವರ ಮೇಲೆ ಕಳಚಿ ಬೀಳುತ್ತದೆ ಎಂದು ಹೇಳಿ ಕೆಲಸ ನಿಲ್ಲಿಸಿದೆ. ಹೊರಗಿನಿಂದ ನೀರು ತರಿಸಿ, ಅದಕ್ಕೆ ಮೊದಲು ಈ ನೀರನ್ನು ಪರೀಕ್ಷೆಗೆ ಕಳಿಸಿ ಎಂದು ವರದಿ ಬರೆದೆ. ಗಮನಿಸಿ ಸ್ವಾಮಿ, ಪರಿಶೀಲಕಿ ಕೇಳಿದಾಗ ಹೊರಬರದ ಸಂಗತಿ ಬಂದವಳಿಗೆ ಆಸರಿಗೆ ಕೊಡುವಾಗ ಹೊರಬಂತು. ಸರ್ಕಾರಿ ಪ್ರಶ್ನೆಗೆ ಗುತ್ತಿಗೆದಾರನ ಮುಖ ನೋಡಿಕೊಂಡು ಹೂಂ ಎನ್ನುವ ಹೆಂಗಸು, ಮನೆಗೆ ಬಂದವರಿಗೆ ಉಪ್ಪುನೀರು ಕೊಡಲು ಒಪ್ಪುವುದಿಲ್ಲ. ನಾನು ಪ್ರತಿ ಮನೆಯಲ್ಲೂ ನೀರು ಕುಡಿದೇ ಏಳುವುದು ಇದಕ್ಕೇ. ನಿಮ್ಮ ನಮೂನೆಯಲ್ಲಿ ನೀರಿನ ಕಾಲಂ ಇಲ್ಲ.

ಭೋಜರಾಜರು ಮೊಬೈಲಿನಲ್ಲಿ ನನ್ನ ಚಿತ್ರ ತೆಗೆದು ದೂರು ಕೊಟ್ಟರು. ಒಂದು ಕೈಯಲ್ಲಿ ಲೋಟ, ಇನ್ನೊಂದರಲ್ಲಿ ಬೆಲ್ಲ. ನೀರನ್ನು ಪರೀಕ್ಷಿಸಿ ಎಂಬ ನನ್ನ ವರದಿಗೆ ಇವತ್ತಿನವರೆಗೆ ಉತ್ತರವಿಲ್ಲ. ನೀರು ಕುಡಿದಳು ಎಂಬ ದೂರಿಗೆ ವಾರದೊಳಗೆ ನೋಟೀಸು ಬಂತು. ಆ ಚಿತ್ರದಲ್ಲಿ ನನ್ನ ಮುಖ ನೋಡಿದ್ದೀರಾ? ಲಂಚ ತಿಂದವರ ಮುಖ ಹಾಗಿರುತ್ತದೆಯೇ?

ಪರಿಶೀಲಕರಲ್ಲಿ ತಿನ್ನುವವರೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಇದ್ದಾರೆ. ಅವರು ತಿನ್ನುವುದು ಹೆದ್ದಾರಿ ಬದಿಯ ಹೋಟೆಲುಗಳ ತಣ್ಣನೆಯ ಕೋಣೆಗಳಲ್ಲಿ. ನಿಮ್ಮ ಷರತ್ತು 'ಪರಿಶೀಲಿಸುವ ಮನೆಯಲ್ಲಿ' ಎನ್ನುತ್ತದೆ. ಹೋಟೆಲು ಮನೆಯಲ್ಲವಲ್ಲ! ಅಲ್ಲಿ ಬಿರಿಯಾನಿ ತಿಂದವನಿಗೆ ಕರಾರಿನ ರಕ್ಷೆ, ಬಿಡಾರದಲ್ಲಿ ನೀರು ಕುಡಿದವಳಿಗೆ ನೋಟೀಸು. ಇದನ್ನು ಬರೆಯಲು ಕಾನೂನು ಓದಬೇಕಾಗಿತ್ತೇ?

ಈಗ ನಿಮ್ಮ ಕಚೇರಿ ದಯೆ ತೋರಿಸಿದೆ. ಹೊಸ ಕರಾರಿಗೆ ಸಹಿ ಹಾಕಿದರೆ ನೋಟೀಸು ಕೈಬಿಡುತ್ತಾರಂತೆ. ಹೊಸದರಲ್ಲಿ ಒಂದು ಸಾಲು ಸೇರಿದೆ: ಆತಿಥ್ಯದ ದೂರಿರುವ ಪರಿಶೀಲಕರ ವರದಿ ಅನೂರ್ಜಿತ. ಅಂದರೆ ನನ್ನ ಸಹಿ ಬಿದ್ದ ದಿನ ಬಸ್ರೂರಿನ ತಡೆ ತೆರವಾಗುತ್ತದೆ, ಅದೇ ಬಾವಿಯ ನೀರಲ್ಲಿ ಕಲಸಿ ಸ್ಲ್ಯಾಬ್ ಹಾಕುತ್ತಾರೆ. ನನ್ನ ಕೆಲಸ ಉಳಿಯುತ್ತದೆ, ಆ ಮಗು ಅದರಡಿ ಮಲಗುತ್ತದೆ.

ನನ್ನ ಹಿರಿಯ ಸಹೋದ್ಯೋಗಿ, ವಂಡ್ಸೆಯ ಪ್ರೇಮಾನಂದ ಸಹಿ ಹಾಕಿಯಾಗಿದೆ. ಕೆಟ್ಟವರಲ್ಲ, ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದರು: "ನೀನೊಬ್ಳ್ ಎಂತಕ್ ಹಟ ಮಾಡ್ತೆ ಮಾರಾಯ್ತಿ? ನನ್ನ ಕಾಣ್. ಬಾಟ್ಲಿ ನೀರ್ ತಕಂಡ್ ಹೋತೆ, ಬೈಕಿಂದ ಇಳಿತಿಲ್ಲೆ. ಎಲ್ಲ ಸಮ ಇತ್ತಾ ಕೇಂತೆ, ಇತ್ತ್ ಅಂತ್ರ್, ಬತ್ತೆ." ಅಭಿನಂದನೆಗಳು. ನಿಮ್ಮ ಕರಾರು ಕೇಳುವ ಪರಿಶೀಲಕ ಇವರೇ.

ಮೊನ್ನೆ ಜಲಜಮ್ಮ ಬಸ್ಸು ಹಿಡಿದು ಕೋಟೇಶ್ವರದ ನನ್ನ ಮನೆಗೆ ಬಂದಿದ್ದರು. ಮಳೆಗೆ ಮೊದಲು ಸ್ಲ್ಯಾಬ್ ಆಗದಿದ್ದರೆ ಅವರಿಗೆ ಇನ್ನೊಂದು ಮಳೆಗಾಲ ಟಾರ್ಪಾಲಿನಡಿಯಲ್ಲೇ. ಬೈಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಇಷ್ಟೇ: "ಮೇಡಂ, ನಾನ್ ನೀರ್ ಕೊಟ್ಟದ್ದ್ ತಪ್ಪಾಯ್ತಾ? ನನ್ನಿಂದ ನಿಮ್ ಕೆಲ್ಸ ಹೋತಾ?" ನನಗೆ ಅಳು ಬಂತು, ನಾಚಿಕೆಯಿಲ್ಲದೆ ಅತ್ತೆ. ಆಮೇಲೆ ನಿಮ್ಮ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬಂದವರಿಗೆ ನೀರು ಕೊಟ್ಟು ತಪ್ಪಾಯಿತೇ ಎಂದು ಒಬ್ಬ ಹೆಂಗಸು ಕೇಳುವಂತೆ ಮಾಡಿದ ಕರಾರು ಯಾವ ರಾಜ್ಯದ ಕಾನೂನಿಗೆ ಒಳಪಟ್ಟಿದೆ?

ಆದ್ದರಿಂದ ಕೇಳಿ. ಹದಿನಾಲ್ಕನೆಯ ಷರತ್ತನ್ನು ತೆಗೆದುಹಾಕಿ. ಕೆಲಸ ನಿಲ್ಲಿಸಿ ಎಂದ ಪರಿಶೀಲಕರನ್ನು ವಿಚಾರಣೆಯಿಲ್ಲದೆ ತೆಗೆಯುವಂತಿಲ್ಲ ಎಂದು ಆ ಜಾಗದಲ್ಲಿ ಬರೆಯಿರಿ. ಮಳೆ ಹಿಡಿಯುವ ಮೊದಲು ಜಲಜಮ್ಮನವರ ಕೆಲಸಕ್ಕೆ ಸಿಹಿನೀರು ಕಳಿಸಿ.

ಇದು ಆಗದು ಎನ್ನುವುದಾದರೆ ಕರಾರನ್ನು ಹಿಡಿದುಕೊಂಡು ನೀವೇ ಬಸ್ರೂರಿಗೆ ಬನ್ನಿ. ಜಲಜಮ್ಮ ನಿಮ್ಮನ್ನೂ ಕೂರಿಸಿ, ಆಚೆ ಮನೆಯಿಂದ ನೀರು ತರಲು ಹೊರಡುತ್ತಾರೆ. ತಡೆಯಿರಿ. ಕೆಲಸದ ಬಾವಿಯದ್ದೇ ಸಾಕು ಎನ್ನಿ. ಒಂದು ಲೋಟ ಪೂರ್ತಿ ಕುಡಿಯಿರಿ. ಕುಡಿದ ಮೇಲೆ ಬೆಲ್ಲಕ್ಕೆ ಕೈ ಚಾಚದೆ ಕುಳಿತಿರಲು ನಿಮಗೆ ಸಾಧ್ಯವಾದರೆ, ಕರಾರು ಇತ್ತ ಕೊಡಿ, ಅಲ್ಲೇ ಸಹಿ ಹಾಕುತ್ತೇನೆ.

ಇಂತಿ,
ಕರಾರಿನ ಪ್ರಕಾರ ನಿಮ್ಮವಳಲ್ಲದ, ನೋಟೀಸಿನ ಪ್ರಕಾರ ಬೆಲ್ಲಕ್ಕೆ ಮಾರಿಹೋದ,
ವಿಜೇತಾ
ಸದ್ಯದ ಮಟ್ಟಿಗೆ ಮನೆ ಪರಿಶೀಲಕಿ
ಕೋಟೇಶ್ವರ, ಮೇ 2013