ಬೆರಿ ಬಳ್ಳಿಗೆ ಕಟಿಂಗ್

ಹಿತ್ತಿಲ ಮೆಟ್ಟಿಲ ಮೇಲಿನಿಂದ,
ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ಹೇಗಿದ್ದೀಯಮ್ಮಾ? ಸೊಂಟನೋವು ಕಡಿಮೆಯಾಯಿತೇ? ಅಕ್ಕನ ಮನೆಯಲ್ಲಿ ಇದ್ದೇನಲ್ಲಾ ಎಂಬ ಸಂಕೋಚಕ್ಕೆ ಅವರ ಮನೆಮಂದಿಯ ಬಟ್ಟೆಯನ್ನೆಲ್ಲ ನೀನೇ ಒಗೆಯುತ್ತಾ ಕೂರಬೇಡ, ನಿನ್ನ ಸ್ವಭಾವ ನನಗೆ ಗೊತ್ತು. ನಾನು ಚೆನ್ನಾಗಿದ್ದೇನೆ. ಮಂಡಿ ಅದರ ಪಾಡಿಗೆ ನೋಯುತ್ತದೆ, ನಾನು ನನ್ನ ಪಾಡಿಗೆ ಓಡಾಡುತ್ತೇನೆ. ನಿನ್ನ ಗಂಡನೂ ಚೆನ್ನಾಗಿದ್ದಾನೆ, ಅದೇ ನನಗೆ ಹೊಟ್ಟೆಯುರಿ. ಅಂಥ ಘನಕಾರ್ಯ ಮಾಡಿದವನಿಗೆ ಒಂದು ನೆಗಡಿಯಾದರೂ ಬರಬೇಡವೇ?

ವಿಷಯಕ್ಕೆ ಬರುತ್ತೇನೆ, ಕೂತುಕೊಂಡು ಓದು. ಹಿತ್ತಿಲ ಗೋಡೆಗೆ ತಂತಿ ಎಳೆದು ನೀನು ಹಬ್ಬಿಸಿದ್ದೆಯಲ್ಲ ಬೆರಿ ಬಳ್ಳಿ, ಅದನ್ನು ನನ್ನ ಸುಪುತ್ರ ಕತ್ತರಿಸಿ ಹಾಕಿದ್ದಾನೆ. ಕಾಯಿಲೆಯಲ್ಲ, ಹುಳವಲ್ಲ, ಬೀದಿ ದನವಲ್ಲ. ನಾನೇ ಹೆತ್ತು, ನಾನೇ ಉಣ್ಣಿಸಿ ಬೆಳೆಸಿದ ಮಗ! ಅವನ ಸಲೂನಿಗೆ ರಜೆ ಇದ್ದ ದಿನ, ನಾನು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. ಹೊಸ ಕನ್ನಡಕ ಹಾಕಿಕೊಂಡು ಬಂದು ಮೊದಲು ನೋಡಿದ್ದೇ ಆ ಬೋಳು ಗೋಡೆಯನ್ನು. ಹಳೇ ಕನ್ನಡಕವೇ ಎಷ್ಟೋ ವಾಸಿಯಿತ್ತು.

ಏನು ಮಾಡಿದ್ದಾನೆ ಗೊತ್ತೇ? ಕಂದು ಬಣ್ಣದ ಕೋಲುಗಳಷ್ಟನ್ನೂ ಬುಡದಲ್ಲೇ ಕತ್ತರಿಸಿ, ಬುಡದಿಂದ ಏಳುತ್ತಿದ್ದ ಗೇಣುದ್ದದ ಹಸಿರು ಚಿಗುರುಗಳನ್ನು ಮಾತ್ರ ಉಳಿಸಿದ್ದಾನೆ. ಅವನ್ನೂ ಸುಮ್ಮನೆ ಬಿಡಲಿಲ್ಲ, ತುದಿ ಸವರಿ ಒಂದೇ ಮಟ್ಟಕ್ಕೆ ತಂದಿದ್ದಾನೆ. ಗಿರಾಕಿಯ ತಲೆಯನ್ನು ನೋಡುವ ಹಾಗೆ ಎರಡು ಹೆಜ್ಜೆ ಹಿಂದೆ ಸರಿದು, ಕತ್ತು ಓರೆ ಮಾಡಿ, "ಎಡಗಡೆ ಸ್ವಲ್ಪ ಜಾಸ್ತಿ ಇದೆ" ಎಂದು ಮತ್ತೆ ಸವರಿದನಂತೆ. ಪಕ್ಕದ ಮನೆಯ ದರ್ಜಿ ಗೋಡೆಯಾಚೆಯಿಂದ ನೋಡುತ್ತಾ ನಿಂತಿದ್ದವರು, "ಎಷ್ಟು ನೀಟಾಗಿ ಕಟ್ ಮಾಡಿದಾನೆ ನೋಡಿ" ಎಂದು ನನ್ನೆದುರಿಗೇ ಹೊಗಳಿದರು. ಕತ್ತರಿ ಹಿಡಿದವರೆಲ್ಲ ಒಂದೇ ಕಡೆ! ನಿಮ್ಮ ಮೆಷಿನ್ನಿನ ಬೆಲ್ಟನ್ನೂ ಹಾಗೇ ನೀಟಾಗಿ ಕಟ್ ಮಾಡಿಸಲೇ ಎಂದು ಕೇಳಿದೆ. ಅವರು ಅವತ್ತಿನಿಂದ ನನ್ನನ್ನು ಕಂಡರೆ ಒಳಗೆ ಹೋಗುತ್ತಾರೆ.

"ಒಣಗಿದ್ದೆಲ್ಲ ತೆಗೆದೆ ಅಮ್ಮ, ಜೀವ ಇರೋದನ್ನ ಬಿಟ್ಟಿದೀನಿ" ಎನ್ನುತ್ತಾನೆ ಮಹಾರಾಯ. ಒಣಗಿತ್ತೇ ಅದು? ಎರಡು ಜಾತಿಯ ಬೆರಿ ಕೂಡಿಸಿ ಮಾಡಿದ ತಳಿ ಇದು, ಮೊದಲ ವರ್ಷ ಬರೀ ಕೋಲು ಬೆಳೆಯುತ್ತದೆ, ಅದೇ ಕೋಲು ಎರಡನೇ ವರ್ಷ ಹಣ್ಣು ಬಿಟ್ಟು ಸಾಯುತ್ತದೆ, ಅಷ್ಟರಲ್ಲಿ ಪಕ್ಕದಲ್ಲಿ ಹೊಸದು ಎದ್ದಿರುತ್ತದೆ ಎಂದು ನೀನು ನನಗೆ ಎಷ್ಟು ಸಲ ಬಿಡಿಸಿ ಹೇಳಿದ್ದೀಯ. ನೀನು ಅವನದೇ ಹಳೇ ಬನಿಯನ್ ಹರಿದು ಪಟ್ಟಿ ಮಾಡಿ, ಕೈಗೆ ಮುಳ್ಳು ಚುಚ್ಚಿಸಿಕೊಂಡು, ಒಂದೊಂದೇ ಕೋಲನ್ನು ತಂತಿಗೆ ಬೀಸಣಿಗೆಯ ಹಾಗೆ ಹರಡಿ ಕಟ್ಟಿದ್ದೆ. ಅವನು ಕತ್ತರಿಸಿ ಕಟ್ಟಿಟ್ಟಿದ್ದ ಹೊರೆಯ ಮುಂದೆ ಕೂತು ನೋಡಿದೆ, ಗಿಣ್ಣುಗಿಣ್ಣಿನಲ್ಲೂ ಮೊಗ್ಗು ಊದಿಕೊಂಡಿತ್ತು. ನನಗೆ ಅಳು ಬಂತು. ಅಳುತ್ತಲೇ ಬೈದೆ, ಬೈಯುತ್ತಲೇ ಅತ್ತೆ.

ಯಾಕೆ ಮುಟ್ಟಲು ಹೋದೆ ಎಂದರೆ ಏನೆನ್ನುತ್ತಾನೆ? "ಅವಳು ಬರೋ ಹೊತ್ತಿಗೆ ಹಿತ್ತಲು ಚೆಂದ ಕಾಣಲಿ ಅಂತ." ಅವತ್ತು ಸಲೂನ್ ತುಂಬ ಗಿರಾಕಿಗಳಿರುವಾಗ, "ನಮ್ಮವಳು ಸಂಸಾರ ಮಾಡೋದು ನನ್ನ ಜೊತೆ ಅಲ್ಲ, ಮುಳ್ಳಿನ ಜೊತೆ" ಎಂದು ನಿನ್ನನ್ನು ನಗೆಪಾಟಲು ಮಾಡುವಾಗ ಈ ಚೆಂದ ಎಲ್ಲಿ ಹೋಗಿತ್ತು? ಬಾಗಿಲಲ್ಲಿ ನನ್ನ ಪಕ್ಕದಲ್ಲೇ ಅವನ ಊಟದ ಡಬ್ಬಿ ಹಿಡಿದು ನಿಂತಿದ್ದ ನಿನ್ನ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವನು ಮಾತ್ರ, ತಮಾಷೆಗೆ ಅಂದಿದ್ದು ಎನ್ನುತ್ತಾನೆ. ಈಗ ಅವನು ಸೊರಗಿದ್ದಾನೆ, ಊಟ ಸರಿಯಾಗಿ ಮಾಡುವುದಿಲ್ಲ, ನಿಜ. ಮಾಡದಿರಲಿ. ನಾನು ಬಲವಂತ ಮಾಡುವವಳಲ್ಲ.

ನಿನ್ನ ಮೇಲೂ ನನಗೆ ಕೋಪವಿದೆ, ಮುಚ್ಚಿಡುವುದಿಲ್ಲ. ಸಲೂನಿನ ಆ ಮಾತಿನ ಮಾರನೇ ದಿನ ಅಕ್ಕನ ಮನೆಗೆ ಹೊರಡುವಾಗ ಗೇಟಿನ ಹತ್ತಿರ, "ಹಣ್ಣಾದಾಗ ಹೇಳಿ ಅತ್ತೆ, ಬರ್ತೀನಿ" ಎಂದೆ. ಆ ಮಾತು ನಂಬಿ ನಾನು ದಿನಾ ಬೆಳಿಗ್ಗೆ ಬಳ್ಳಿಯ ಬುಡದಲ್ಲಿ ನಿಂತು ಕಾದಿದ್ದೇನೆ. ಮನೆಗೆ ಬರಲು ಗಿಡದ ಅಪ್ಪಣೆ ಯಾಕಮ್ಮಾ ಬೇಕಿತ್ತು? ಅತ್ತೆ ಕರೆದರೆ ಬರ್ತೀನಿ ಎನ್ನಬಾರದಿತ್ತೇ? ಗಿಡವನ್ನಾದರೆ ಕತ್ತರಿಸಬಹುದು, ನನ್ನನ್ನು ಯಾರು ಕತ್ತರಿಸುತ್ತಾರೆ?

ನಿನ್ನ ಅಕ್ಕನಿಗೆ, ಭಾವನಿಗೆ ಕೇಳಿದೆನೆಂದು ಹೇಳು. ನೀನು ಹೊತ್ತುಹೊತ್ತಿಗೆ ಉಂಡು, ಬೆನ್ನಿಗೆ ದಿಂಬು ಕೊಟ್ಟು ಮಲಗಿ, ನಗುನಗುತ್ತಾ ಇರು. ಅದಕ್ಕಿಂತ ದೊಡ್ಡ ಆಶೀರ್ವಾದ ನನಗೆ ಬರುವುದಿಲ್ಲ.

ಸಿಟ್ಟಿನಲ್ಲಿರುವ
ನಿನ್ನ ಅತ್ತೆ

ತಾ.ಕ.: ಅಂಚೆಗೆ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಆ ಹಸಿರು ಚಿಗುರುಗಳು ಮುಂದಿನ ವರ್ಷ ಹಣ್ಣು ಬಿಡುತ್ತವಂತೆ, ನರ್ಸರಿಯವರನ್ನು ಕೇಳಿಕೊಂಡು ಬಂದು ನನ್ನ ಮಗ ನನಗೆ ಸಮಾಧಾನ ಹೇಳುತ್ತಿದ್ದಾನೆ. ಮುಂದಿನ ವರ್ಷ! ಅಲ್ಲಿಯವರೆಗೆ ಈ ಮನೆಯಲ್ಲಿ ನಾನು ಯಾರ ಜೊತೆ ಮಾತಾಡಲಿ? ನಿಜ ಹೇಳಲೇ, ನನಗೆ ಆ ಹಣ್ಣು ಬೇಕಾಗಿಯೇ ಇರಲಿಲ್ಲ, ಹುಳಿ ತಿಂದರೆ ನನ್ನ ಹಲ್ಲು ಜುಮ್ಮೆನ್ನುತ್ತದೆ. ನೀನು ಈ ತಿಂಗಳು ಬರುವುದಿಲ್ಲವಾದರೆ ನಾನೇ ಅಲ್ಲಿಗೆ ಬರುತ್ತೇನೆ, ಬಟ್ಟೆ ಚೀಲಕ್ಕೆ ತುಂಬಿ ಆಗಿದೆ. ನಿನ್ನ ಕೋಣೆಯಲ್ಲಿ ಇನ್ನೊಂದು ಹಾಸಿಗೆಗೆ ಜಾಗವಿದೆಯೇ ಎಂದು ಅಕ್ಕನನ್ನು ಕೇಳಿ ತಿಳಿಸು. ನಾನು ಗೊರಕೆ ಹೊಡೆಯುವುದಿಲ್ಲ, ಅವನು ಏನು ಬೇಕಾದರೂ ಹೇಳಲಿ.